ಮಾರಾಟದ ಲೆಕ್ಕಕ್ಕೊಂದು ನಕ್ಷೆ: ಅಂತರ್ಜಾಲ ನಕ್ಷೆಗಳು ಮತ್ತು ನಮ್ಮ ವ್ಯಾಪಾರ

ಯಾವುದೇ ಸಗಟು ವರ್ತಕರ ಅಥವಾ ಸಣ್ಣ ಉತ್ಪಾದಕರ ಮಾರಾಟ ರಿಜಿಸ್ಟರನ್ನು ತೆರೆದು ನೋಡಿದರೆ ಬಿಲ್ಲಿನ ಸಂಖ್ಯೆ, ದಿನಾಂಕ, ಗಿರಾಕಿಯ ಹೆಸರು, ಸರಕು, ಮೊತ್ತ, ತೆರಿಗೆ ಇವೆಲ್ಲವೂ ಕ್ರಮವಾಗಿ ದಾಖಲಾಗಿರುತ್ತವೆ. ಇವುಗಳ ಜೊತೆಗೆ ಗಿರಾಕಿಯ ವಿಳಾಸ ಮತ್ತು ಆರು ಅಂಕಿಗಳ ಪಿನ್ ಕೋಡ್ ಸಹ ಇರುತ್ತದೆ. ಮೊತ್ತವನ್ನು ನಾವು ವರ್ಷದಲ್ಲಿ ಹಲವು ಬಾರಿ ಕೂಡಿ, ಕಳೆದು, ತಾಳೆ ನೋಡುತ್ತೇವೆ. ವಿಳಾಸವನ್ನು ಮಾತ್ರ ಬಿಲ್ಲು ಮುದ್ರಣವಾದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಎಷ್ಟು ಮಾರಾಟವಾಯಿತು ಎಂಬುದಕ್ಕೆ ನಮ್ಮಲ್ಲಿ ಲೆಕ್ಕವಿದೆ. ಎಲ್ಲಿ ಮಾರಾಟವಾಯಿತು, ಅಲ್ಲಿಗೆ ತಲುಪಿಸಲು ಏನು ಖರ್ಚಾಯಿತು, ಅಲ್ಲಿಂದ ಹಣ ಎಷ್ಟು ದಿನಕ್ಕೆ ಮರಳಿತು ಎಂಬುದಕ್ಕೆ ಕೇವಲ ಅಂದಾಜಿದೆ.

ಈ ಅಂದಾಜನ್ನು ಲೆಕ್ಕವನ್ನಾಗಿ ಪರಿವರ್ತಿಸಲು ಅಂತರ್ಜಾಲ ನಕ್ಷೆಗಳು ಅತ್ಯಂತ ಸುಲಭವಾದ ಹಾಗೂ ಅಗ್ಗವಾದ ಸಾಧನಗಳಾಗಿವೆ. ದಾರಿ ಹುಡುಕಲು, ಅಂಗಡಿಯ ಸ್ಥಳವನ್ನು ಗಿರಾಕಿಗೆ ಕಳುಹಿಸಲು ನಮ್ಮ ವರ್ತಕ ಬಾಂಧವರು ಅವುಗಳನ್ನು ದಿನನಿತ್ಯ ಬಳಸುತ್ತಿದ್ದಾರೆ. ಆದರೆ ವ್ಯಾಪಾರದ ನಿರ್ಧಾರ ಕೈಗೊಳ್ಳಲು ಬಳಸುವವರು ವಿರಳ. ಅವುಗಳನ್ನು ಲೆಕ್ಕಪುಸ್ತಕದ ಒಂದು ಭಾಗವೆಂದು ಪರಿಗಣಿಸಬೇಕು, ಆದರೆ ಆ ಲೆಕ್ಕದ ಮೂಲ ಪ್ರತಿ ಸದಾ ನಮ್ಮ ಕೈಯಲ್ಲೇ ಇರಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ನಕ್ಷೆ ಹಳೆಯದು, ಲಭ್ಯತೆ ಹೊಸದು

ಅಂಕಿ-ಅಂಶಗಳನ್ನು ನಕ್ಷೆಯ ಮೇಲೆ ಗುರುತಿಸುವ ಪದ್ಧತಿ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಅವರು ಮೃತರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಸಾವುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ದಟ್ಟವಾಗಿರುವುದನ್ನು ತೋರಿಸಿದರು. ಮೃತರ ಪಟ್ಟಿ ಸರ್ಕಾರಿ ದಾಖಲೆಯಲ್ಲಿ ಮೊದಲೇ ಇತ್ತು. ಪಟ್ಟಿಯಲ್ಲಿ ಕಾಣದಿದ್ದ ಸಂಬಂಧ ನಕ್ಷೆಯಲ್ಲಿ ಎದ್ದು ಕಂಡಿತು. ನಮ್ಮ ಲೆಡ್ಜರಿಗೂ ಈ ಮಾತು ಅನ್ವಯಿಸುತ್ತದೆ.

ಅಂದಿಗೂ ಇಂದಿಗೂ ಇರುವ ವ್ಯತ್ಯಾಸ ಲಭ್ಯತೆಯದು. ನಮ್ಮ ದೇಶದಲ್ಲಿ ಮ್ಯಾಪ್‌ಮೈಇಂಡಿಯಾ ಸಂಸ್ಥೆಯು 1995ರಿಂದಲೇ ಗಣಕೀಕೃತ ನಕ್ಷೆಗಳ ಕೆಲಸದಲ್ಲಿದೆ. ಸಾರ್ವಜನಿಕರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ, ಗೂಗಲ್ ಮ್ಯಾಪ್ಸ್ 2005ರಲ್ಲಿ, ಇಸ್ರೋ ಸಂಸ್ಥೆಯ ಭುವನ್ 2009ರಲ್ಲಿ ಬಂದವು. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರವು ಭೂಪ್ರದೇಶದ ದತ್ತಾಂಶ ಕುರಿತ ಹೊಸ ಮಾರ್ಗಸೂಚಿಗಳನ್ನು ಪ್ರಕಟಿಸಿ, ಭಾರತೀಯ ಸಂಸ್ಥೆಗಳು ನಕ್ಷೆ ತಯಾರಿಸಲು ಪೂರ್ವಾನುಮತಿ ಪಡೆಯಬೇಕೆಂಬ ನಿರ್ಬಂಧವನ್ನು ತೆಗೆದುಹಾಕಿತು. ಒಂದು ಕಾಲದಲ್ಲಿ ದೊಡ್ಡ ಕಂಪನಿಗಳಿಗೆ ಮಾತ್ರ ನಿಲುಕುತ್ತಿದ್ದ ಸಾಧನ ಇಂದು ಸಣ್ಣ ಕಾರ್ಖಾನೆಯ ಲೆಕ್ಕಿಗರ ಮೇಜಿನ ಮೇಲಿದೆ.

ಲಾಭ ಎಲ್ಲಿಂದ ಬರುತ್ತಿದೆ?

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸೋಣ. ಹುಬ್ಬಳ್ಳಿಯಲ್ಲಿ ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಸಂಸ್ಥೆಯೊಂದಿದೆ ಎಂದಿಟ್ಟುಕೊಳ್ಳಿ. ಒಟ್ಟು ಲಾಭಾಂಶ ಶೇಕಡಾ 12. ರಾಯಚೂರು ಕಡೆಯ ಒಬ್ಬ ಗಿರಾಕಿ ತಿಂಗಳಿಗೆ ರೂ. 40,000ದ ಸರಕು ಕೊಳ್ಳುತ್ತಾರೆ. ಲಾಭಾಂಶ ರೂ. 4,800. ಲಾರಿ ಬಾಡಿಗೆ ಮತ್ತು ಹಮಾಲಿ ಸೇರಿ ರೂ. 1,900. ಹಣ ಬರುವುದು 90 ದಿನಕ್ಕೆ; ಶೇಕಡಾ 12ರ ಬ್ಯಾಂಕ್ ಬಡ್ಡಿಯಂತೆ ರೂ. 1,200. ಉಳಿಯುವುದು ರೂ. 1,700. ಗದಗದ ಇನ್ನೊಬ್ಬ ಗಿರಾಕಿ ತಿಂಗಳಿಗೆ ರೂ. 25,000ದ ಸರಕನ್ನಷ್ಟೇ ಕೊಳ್ಳುತ್ತಾರೆ. ಲಾಭಾಂಶ ರೂ. 3,000, ಸಾಗಾಣಿಕೆ ರೂ. 400, ಹಣ 30 ದಿನಕ್ಕೆ ಬರುವುದರಿಂದ ಬಡ್ಡಿ ರೂ. 250. ಉಳಿಯುವುದು ರೂ. 2,350.

ಮಾರಾಟದ ಮೊತ್ತವನ್ನು ಮಾತ್ರ ನೋಡುವ ಮಾಲೀಕರಿಗೆ ಮೊದಲನೆಯವರೇ ದೊಡ್ಡ ಗಿರಾಕಿ. ಅವರಿಗೆ ಹಬ್ಬದ ರಿಯಾಯಿತಿ, ಹೆಚ್ಚಿನ ಉದ್ರಿ, ವಿಶೇಷ ಮರ್ಯಾದೆ. ಲೆಕ್ಕದ ಪ್ರಕಾರ ಸಂಸ್ಥೆಯನ್ನು ನಡೆಸುತ್ತಿರುವವರು ಎರಡನೆಯವರು. ಇಬ್ಬರ ವಿಷಯದಲ್ಲಿ ಈ ಲೆಕ್ಕ ಮಾಡಲು ನಕ್ಷೆ ಬೇಕಾಗಿಲ್ಲ, ನಿಜ. ಆದರೆ ಗಿರಾಕಿಗಳು ಮುನ್ನೂರು ಮಂದಿ ಇದ್ದಾಗ, ಪ್ರತಿಯೊಬ್ಬರ ನಿವ್ವಳ ಉಳಿಕೆಯನ್ನು ಒಂದೊಂದು ಬಣ್ಣದ ಚುಕ್ಕೆಯಾಗಿ ನಕ್ಷೆಯ ಮೇಲಿಟ್ಟರೆ, ಯಾವ ದಿಕ್ಕಿನಲ್ಲಿ ಸಂಸ್ಥೆ ಗಳಿಸುತ್ತಿದೆ, ಯಾವ ದಿಕ್ಕಿನಲ್ಲಿ ಬರೀ ಓಡಾಡುತ್ತಿದೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ.

ಪರಿಹಾರವೂ ಹಲವು ವೇಳೆ ಅಲ್ಲೇ ಗೋಚರಿಸುತ್ತದೆ. ಗದಗ, ಕೊಪ್ಪಳ, ಹೊಸಪೇಟೆ ಈ ಮೂರೂ ಹುಬ್ಬಳ್ಳಿಯಿಂದ ಹೊರಡುವ ಒಂದೇ ಹೆದ್ದಾರಿಯ ಮೇಲಿವೆ. ಈ ಊರುಗಳ ಆದೇಶಗಳಿಗೆ ಬೇರೆ ಬೇರೆ ದಿನ ವಾಹನ ಹೊರಡುತ್ತಿದ್ದರೆ, ವಾರಕ್ಕೊಂದು ನಿಗದಿತ ದಿನ ಒಂದೇ ವಾಹನ ಕಳುಹಿಸುವ ವ್ಯವಸ್ಥೆ ಮಾಡಬಹುದು. ದೂರದ ಗಿರಾಕಿಯನ್ನು ಕೈಬಿಡಬೇಕೆಂದು ಇದರರ್ಥವಲ್ಲ. ಅವರ ಸುತ್ತ ಇನ್ನೂ ನಾಲ್ವರನ್ನು ಹುಡುಕಬೇಕೇ, ಅಲ್ಲೊಬ್ಬ ವಿತರಕರನ್ನು ನೇಮಿಸಬೇಕೇ, ಉದ್ರಿಯ ಅವಧಿಯನ್ನು ಕಡಿತಗೊಳಿಸಬೇಕೇ ಎಂದು ತಿಳಿದು ನಿರ್ಧರಿಸಬೇಕು ಎಂಬುದಷ್ಟೇ ತಾತ್ಪರ್ಯ.

"ನಮ್ಮ ಮಾರುಕಟ್ಟೆ ನಮಗೆ ಗೊತ್ತು, ನಕ್ಷೆ ಏಕೆ?" ಎಂಬ ಪ್ರಶ್ನೆ ಸಹಜ. ಮೂವತ್ತು ವರ್ಷ ಊರೂರು ತಿರುಗಿದ ಮಾರಾಟ ಪ್ರತಿನಿಧಿಗೆ ಇವೆಲ್ಲವೂ ಬಾಯಿಪಾಠವಾಗಿರುತ್ತವೆ. ಆದರೆ ಅವರು ನಿವೃತ್ತರಾದ ದಿನ ಅಥವಾ ಪ್ರತಿಸ್ಪರ್ಧಿಯ ಬಳಿ ಸೇರಿದ ದಿನ ಆ ಜ್ಞಾನವೂ ಅವರೊಂದಿಗೆ ಹೊರಟುಹೋಗುತ್ತದೆ. ಮಗ ಅಥವಾ ಮಗಳು ವ್ಯವಹಾರದ ಹೊಣೆ ಹೊರುವಾಗ ಸ್ವತ್ತು-ಸಾಲಗಳ ಪಟ್ಟಿ ಸಿಗುತ್ತದೆ, ಮಾರುಕಟ್ಟೆಯ ಪಟ್ಟಿ ಸಿಗುವುದಿಲ್ಲ.

ಮೊದಲು ವಿಳಾಸ ಸರಿಪಡಿಸಿ

ನಕ್ಷೆಯ ಗುಣಮಟ್ಟ ವಿಳಾಸದ ಗುಣಮಟ್ಟವನ್ನು ಅವಲಂಬಿಸಿದೆ. ಲೆಕ್ಕಪರಿಶೋಧನೆಯ ವೇಳೆ ಒಂದೇ ಊರು ನಾಲ್ಕು ಬಗೆಯ ಕಾಗುಣಿತದಲ್ಲಿರುವುದು, ಪಿನ್ ಕೋಡಿನ ಜಾಗದಲ್ಲಿ ತಮ್ಮದೇ ಊರಿನ ಪಿನ್ ತುಂಬಿರುವುದು, ಬಿಲ್ಲಿನ ವಿಳಾಸ ಬೆಂಗಳೂರಿನದಾಗಿದ್ದು ಸರಕು ಬಳ್ಳಾರಿಯಲ್ಲಿ ಇಳಿಯುವುದು, ಇವು ಸಾಮಾನ್ಯವಾಗಿ ಕಂಡುಬರುವ ಸಂಗತಿಗಳು. ಸಾಗಾಣಿಕೆಯ ವಿಶ್ಲೇಷಣೆಗೆ ಸರಕು ಇಳಿಯುವ ಸ್ಥಳವೇ ಮುಖ್ಯ.

ಪಿನ್ ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದು ಅಂಚೆ ವಿತರಣೆಗಾಗಿ ರೂಪುಗೊಂಡ ವಿಭಜನೆಯೇ ಹೊರತು ಕಂದಾಯ ಜಿಲ್ಲೆಯ ಗಡಿಯಲ್ಲ. ಬಳ್ಳಾರಿ, ಹೊಸಪೇಟೆ ಮತ್ತು ಕೊಪ್ಪಳ ಮೂರಕ್ಕೂ ಮೊದಲ ಮೂರು ಅಂಕಿ 583 ಆಗಿರುವುದನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಇನ್ನೂ ನಿಖರವಾದ ಗುರುತು ಬೇಕಾದಲ್ಲಿ, ಅಂಚೆ ಇಲಾಖೆಯು 2025ರಲ್ಲಿ ಬಿಡುಗಡೆ ಮಾಡಿದ ಡಿಜಿಪಿನ್ ಇದೆ. ಇದು ದೇಶವನ್ನು ಸುಮಾರು 4 ಮೀಟರ್ ಉದ್ದ-ಅಗಲದ ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ 10 ಅಕ್ಷರ-ಅಂಕಿಗಳ ಸಂಕೇತ ನೀಡುತ್ತದೆ.

ವಿಳಾಸದ ಶುದ್ಧಿಗೆ ತೆರಿಗೆಯ ದೃಷ್ಟಿಯಿಂದಲೂ ಮಹತ್ವವಿದೆ. ಇ-ವೇ ಬಿಲ್ ಪೋರ್ಟಲ್ ಎರಡು ಪಿನ್ ಕೋಡುಗಳ ನಡುವಿನ ದೂರವನ್ನು ತಾನೇ ಲೆಕ್ಕ ಹಾಕುತ್ತದೆ. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಬಿಲ್ಲಿನ ಅವಧಿ ನಿಗದಿಯಾಗುತ್ತದೆ. ಪಿನ್ ತಪ್ಪಾದರೆ ದೂರ ತಪ್ಪುತ್ತದೆ, ದೂರ ತಪ್ಪಿದರೆ ಅವಧಿ ತಪ್ಪುತ್ತದೆ, ವಾಹನ ಮಾರ್ಗಮಧ್ಯೆ ತಡೆಹಿಡಿಯಲ್ಪಡುವ ಸಂಭವ ಉಂಟಾಗುತ್ತದೆ. ಜಿ.ಎಸ್.ಟಿ. ಪೋರ್ಟಲ್ಲಿನಲ್ಲಿ ವ್ಯವಹಾರದ ಮುಖ್ಯ ಸ್ಥಳವನ್ನು ನಕ್ಷೆಯ ಬಿಂದುವಾಗಿ ದೃಢೀಕರಿಸುವ ಸೌಲಭ್ಯ 2023ರಲ್ಲೇ ಬಂದಿದೆ. ತೆರಿಗೆ ಆಡಳಿತವೇ ನಮ್ಮನ್ನು ನಕ್ಷೆಯಲ್ಲಿ ಗುರುತಿಸುತ್ತಿರುವಾಗ, ನಮ್ಮ ಗಿರಾಕಿಗಳನ್ನು ನಾವು ನಕ್ಷೆಯಲ್ಲಿ ಕಾಣದಿರುವುದು ಸಮಂಜಸವಲ್ಲ.

ನಕ್ಷೆ ಹೇಳದಿರುವ ವಿಷಯಗಳು

ಬಣ್ಣದ ಚಿತ್ರಕ್ಕೆ ಮರುಳಾಗುವ ಅಪಾಯವೂ ಇದೆ. ಜಿಲ್ಲಾವಾರು ಒಟ್ಟು ಮಾರಾಟಕ್ಕೆ ಬಣ್ಣ ಹಚ್ಚಿದರೆ ಬೆಂಗಳೂರು ಗಾಢವಾಗಿ ಕಾಣುವ ಸಂಭವವೇ ಹೆಚ್ಚು. ಅಲ್ಲಿ ಜನ ಹೆಚ್ಚಿದ್ದಾರೆ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ತಿಳಿಸುವುದಿಲ್ಲ. ಪ್ರತಿ ಗಿರಾಕಿಗೆ ಸರಾಸರಿ ಎಷ್ಟು, ನೂರು ರೂಪಾಯಿ ಮಾರಾಟಕ್ಕೆ ಸಾಗಾಣಿಕೆ ಎಷ್ಟು, ಬಾಕಿ ಎಷ್ಟು ಎಂದು ಭಾಗಿಸಿದ ಅಂಕಿಯನ್ನೇ ನಕ್ಷೆಗೆ ಕೊಡಬೇಕು. ಒಂದೇ ಪಿನ್ ಕೋಡಿನ ಐವತ್ತು ಗಿರಾಕಿಗಳು ಒಂದರ ಮೇಲೊಂದು ಬಿದ್ದು ಒಂದೇ ಚುಕ್ಕೆಯಾಗಿ ಕಾಣಬಹುದು. ಆಗ ಚುಕ್ಕೆಯ ಗಾತ್ರವನ್ನು ಸಂಖ್ಯೆಗೆ ಅನುಗುಣವಾಗಿ ಹಿಗ್ಗಿಸಬೇಕು.

ದೂರವನ್ನು ನೇರ ಗೆರೆಯಲ್ಲಿ ಅಳೆಯಬಾರದು. ಶಿರಸಿಯಿಂದ ಕುಮಟಾಕ್ಕೆ ಗೆರೆ ಎಳೆದರೆ ಘಟ್ಟದ ತಿರುವುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಸಂಚಾರಕ್ಕೆ ಅಡ್ಡಿಯಾದರೆ ಮಂಗಳೂರಿನ ಸರಕಿಗೆ ತಗಲುವ ಸಮಯ, ಬಾಡಿಗೆ ಎರಡೂ ಬದಲಾಗುತ್ತವೆ. ರೋಖು ಮಾರಾಟದ ಚಿಲ್ಲರೆ ಬಿಲ್ಲುಗಳಲ್ಲಿ ಅನೇಕ ವೇಳೆ ವಿಳಾಸವೇ ಇರುವುದಿಲ್ಲವಾದ್ದರಿಂದ ಅವು ನಕ್ಷೆಗೆ ಬಾರವು. ಗಿರಾಕಿಯ ನಡತೆ, ಊರಿನ ಸಂತೆಯ ದಿನ, ಬೆಳೆಯ ಸ್ಥಿತಿ ಇವುಗಳಿಗೆ ಅನುಭವವೇ ಆಧಾರ. ನಕ್ಷೆ ಪ್ರಶ್ನೆಯನ್ನು ಎತ್ತುತ್ತದೆ. ಉತ್ತರ ಹೇಳಬೇಕಾದವರು ವರ್ತಕರೇ.

ಪರರ ನೆಲದ ಮೇಲೆ ನಮ್ಮ ಮನೆ

ಉಚಿತವಾಗಿ ದೊರೆಯುವುದು ಶಾಶ್ವತವಾಗಿ ದೊರೆಯುವುದೆಂದು ಭಾವಿಸಬಾರದು. ಅಂಕಿ-ಅಂಶಗಳ ಕೋಷ್ಟಕವನ್ನು ನಕ್ಷೆಯಾಗಿಸುತ್ತಿದ್ದ ಗೂಗಲ್ ಸಂಸ್ಥೆಯ ಫ್ಯೂಷನ್ ಟೇಬಲ್ಸ್ 2009ರಲ್ಲಿ ಆರಂಭವಾಗಿ 2019ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅದೇ ಸಂಸ್ಥೆ 2018ರಲ್ಲಿ, ಜಾಲತಾಣಗಳಲ್ಲಿ ತನ್ನ ನಕ್ಷೆ ಅಳವಡಿಸುವವರಿಗೆ ಪಾವತಿ ಖಾತೆಯನ್ನು ಕಡ್ಡಾಯಗೊಳಿಸಿತು. 2024ರ ಆಗಸ್ಟ್‌ನಿಂದ ಭಾರತದಲ್ಲಿ ದರಗಳನ್ನು ಗಣನೀಯವಾಗಿ ಇಳಿಸಿತು, 2025ರ ಮಾರ್ಚ್‌ನಲ್ಲಿ ಉಚಿತ ಮಿತಿಯ ಪದ್ಧತಿಯನ್ನೇ ಬದಲಿಸಿತು. ಇದು ದೂಷಣೆಯಲ್ಲ. ಅವರ ಸರಕು, ಅವರ ದರ. ಆದರೆ ದರ ನಿಗದಿ ನಮ್ಮ ಕೈಯಲ್ಲಿಲ್ಲದಿರುವಾಗ ದತ್ತಾಂಶವಾದರೂ ನಮ್ಮ ಕೈಯಲ್ಲಿರಬೇಕು.

ಗಿರಾಕಿಯ ಹೆಸರು, ಪಿನ್, ಅಕ್ಷಾಂಶ, ರೇಖಾಂಶ, ಮಾರಾಟ, ಸಾಗಾಣಿಕೆ ವೆಚ್ಚ, ಬಾಕಿಯ ದಿನಗಳು ಇವುಗಳ ಪಟ್ಟಿಯನ್ನು ಸಾಮಾನ್ಯ ಎಕ್ಸೆಲ್ ಕಡತದಲ್ಲಿ ನಮ್ಮ ಗಣಕಯಂತ್ರದಲ್ಲೇ ಇಟ್ಟುಕೊಂಡರೆ, ಇಂದು ಒಂದು ವೇದಿಕೆ, ನಾಳೆ ಇನ್ನೊಂದು ಎಂದು ಬದಲಿಸುವುದು ಕಷ್ಟವಲ್ಲ. ಗಿರಾಕಿಗಳ ಹೆಸರು ಮತ್ತು ದೂರವಾಣಿ ಸಂಖ್ಯೆಯಿರುವ ನಕ್ಷೆಯನ್ನು ಎಲ್ಲರಿಗೂ ಕಾಣುವಂತೆ ಹಂಚಿಕೊಳ್ಳುವುದು ಪ್ರತಿಸ್ಪರ್ಧಿಗೆ ಲೆಡ್ಜರ್ ಒಪ್ಪಿಸಿದಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿರುವುದರಿಂದ ಈ ಎಚ್ಚರಿಕೆ ಇನ್ನಷ್ಟು ಅಗತ್ಯ. ಕ್ಯಾಟಲಾಗ್, ಕ್ಯಾಲೆಂಡರುಗಳಲ್ಲಿ ಭಾರತದ ನಕ್ಷೆ ಮುದ್ರಿಸುವ ಉತ್ಪಾದಕರು, ಗಡಿರೇಖೆಗಳು ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗೆ ಅನುಗುಣವಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹಾಗಿಲ್ಲದ ನಕ್ಷೆಯ ಪ್ರಕಟಣೆ ಶಿಕ್ಷಾರ್ಹ ಅಪರಾಧ.

ಆರಂಭ ಹೇಗೆ?

ಇದಕ್ಕಾಗಿ ಹೊಸ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಕಳೆದ ಒಂದು ವರ್ಷದ ಮಾರಾಟ ರಿಜಿಸ್ಟರನ್ನು ಲೆಕ್ಕಪತ್ರದ ತಂತ್ರಾಂಶದಿಂದ ಎಕ್ಸೆಲ್ ಕಡತವಾಗಿ ಪಡೆಯಿರಿ. ಗಿರಾಕಿವಾರು ಒಟ್ಟುಗೂಡಿಸಿ, ಸರಕು ಇಳಿಯುವ ಸ್ಥಳದ ಪಿನ್ ಸರಿಪಡಿಸಿ, ಸಾಗಾಣಿಕೆ ಮತ್ತು ಬಡ್ಡಿಯನ್ನು ಕಳೆದು ನಿವ್ವಳ ಉಳಿಕೆಯ ಅಂಕಣ ಸೇರಿಸಿರಿ. ಗೂಗಲ್ ಸಂಸ್ಥೆಯ ಮೈ ಮ್ಯಾಪ್ಸ್ ಸೌಲಭ್ಯದಲ್ಲಿ ಒಂದು ಪದರಕ್ಕೆ 2,000 ಸಾಲುಗಳವರೆಗೆ ಇಂಥ ಪಟ್ಟಿಯನ್ನು ಉಚಿತವಾಗಿ ಏರಿಸಬಹುದು. ಹೊರಗಿನ ಯಾವ ಸಂಸ್ಥೆಗೂ ದತ್ತಾಂಶ ಕೊಡಲಿಚ್ಛಿಸದವರಿಗೆ ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶವಿದೆ. ಕಲಿಯಲು ತುಸು ಶ್ರಮ ಬೇಕು, ಆದರೆ ಎಲ್ಲವೂ ನಮ್ಮ ಯಂತ್ರದಲ್ಲೇ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ನಕ್ಷೆಯನ್ನು ಪರಿಷ್ಕರಿಸಿ, ಹಿಂದಿನದರೊಂದಿಗೆ ಹೋಲಿಸಿದರೆ ಸಾಕು.

ನಮ್ಮ ವಾಣಿಜ್ಯ ಸಂಸ್ಥೆಯೂ ಈ ದಿಸೆಯಲ್ಲಿ ಮುಂದಾಗಬೇಕಾಗಿದೆ. ಸದಸ್ಯರ ಲೆಕ್ಕಿಗರಿಗಾಗಿ ಒಂದು ದಿನದ ತರಬೇತಿ ಏರ್ಪಡಿಸುವುದು, ಕೈಗಾರಿಕಾ ಪ್ರದೇಶಗಳಲ್ಲಿ ಯಾವ ಕಾರ್ಖಾನೆ ಏನನ್ನು ತಯಾರಿಸುತ್ತದೆ ಎಂಬುದನ್ನು ಸದಸ್ಯರ ಒಪ್ಪಿಗೆ ಪಡೆದು ಒಂದು ಸಾಮಾನ್ಯ ನಕ್ಷೆಯಲ್ಲಿ ಪ್ರಕಟಿಸುವುದು, ಇವು ಹೆಚ್ಚು ವೆಚ್ಚವಿಲ್ಲದ ಕಾರ್ಯಗಳು. ಪಕ್ಕದ ಬೀದಿಯಲ್ಲೇ ದೊರೆಯುವ ಎರಕದ ಭಾಗವನ್ನು ಹೊರರಾಜ್ಯದಿಂದ ತರಿಸುವ ಪರಿಸ್ಥಿತಿ ಇದರಿಂದ ತಪ್ಪೀತು. ಒಂದೇ ಮಾರ್ಗದಲ್ಲಿ ಸರಕು ಕಳುಹಿಸುವ ನಾಲ್ವರು ಸದಸ್ಯರು ಒಂದೇ ಲಾರಿಯನ್ನು ಹಂಚಿಕೊಳ್ಳಲು ಸಹ ಅವಕಾಶವಾದೀತು.

ಮನೆ ಬಾಗಿಲಿಗೆ ಸರಕು ತಲುಪಿಸುವ ಬೃಹತ್ ಕಂಪನಿಗಳು ಯಾವ ಬಡಾವಣೆಯ ಯಾರು ಯಾವಾಗ ಏನು ಕೊಳ್ಳುತ್ತಾರೆಂಬುದನ್ನು ಸ್ಥಳಸಹಿತವಾಗಿ ಬಲ್ಲವು. ಬಂಡವಾಳದಲ್ಲಿ ನಾವು ಅವುಗಳಿಗೆ ಸರಿಸಾಟಿಯಾಗಲಾರೆವು. ಆದರೆ ನಮ್ಮ ಗಿರಾಕಿ ಯಾರು, ಎಲ್ಲಿದ್ದಾರೆ ಎಂಬ ತಿಳಿವಳಿಕೆಯಲ್ಲಿ ನಾವು ಹಿಂದುಳಿಯಲು ಕಾರಣವಿಲ್ಲ. ಅದರ ದಾಖಲೆ ನಮ್ಮ ರಿಜಿಸ್ಟರುಗಳಲ್ಲಿ ಈಗಾಗಲೇ ಇದೆ. ಈ ತ್ರೈಮಾಸಿಕದ ಲೆಕ್ಕ ಮುಗಿಸುವಾಗಲೇ ಅದನ್ನು ಒಮ್ಮೆ ನಕ್ಷೆಯ ಮೇಲಿಟ್ಟು ನೋಡಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.