ಕಲ್ಲು ಮುಟ್ಟದ ಕಲಾಶಾಲೆ

2024ನೆಯ ಇಸವಿ ಜನವರಿ 22ರಂದು ಅಯೋಧ್ಯೆಯಲ್ಲಿ ಬಾಲರಾಮನ ಪ್ರತಿಷ್ಠೆಯಾದಾಗ ಕನ್ನಡನಾಡಿನ ಊರೂರುಗಳಲ್ಲಿ ಹರ್ಷೋದ್ಗಾರವೆದ್ದಿತು. 51 ಇಂಚು ಎತ್ತರದ ಆ ಮೂರ್ತಿಯ ಕೃಷ್ಣಶಿಲೆ ಮೈಸೂರು ಜಿಲ್ಲೆಯದು. ಅದನ್ನು ಕಡೆದ ಅರುಣ್ ಯೋಗಿರಾಜರು ಮೈಸೂರಿನವರು. ಆ ಕಾರ್ಯಕ್ಕೆಂದು ಮೂರ್ತಿಗಳನ್ನು ಸಿದ್ಧಪಡಿಸಿದ ಮೂವರು ಶಿಲ್ಪಿಗಳಲ್ಲಿ ಯೋಗಿರಾಜರೂ ಇಡಗುಂಜಿಯ ಗಣೇಶ ಭಟ್ಟರೂ ಸೇರಿ ಇಬ್ಬರು ಕನ್ನಡಿಗರೇ ಆಗಿದ್ದರು. ಹಾರತುರಾಯಿಗಳಾದವು, ಭಾಷಣಗಳಾದವು. ಒಳ್ಳೆಯದೇ ಆಯಿತು. ಆದರೆ ಮರುದಿನ ಹುಡುಗನೊಬ್ಬನು ತನ್ನ ಮಾಸ್ತರರ ಬಳಿಗೆ ಬಂದು, "ನಾನೂ ಮೂರ್ತಿ ಕಡೆಯುವುದನ್ನು ಕಲಿಯಬೇಕು, ಯಾವ ಶಾಲೆಗೆ ಸೇರಲಿ?" ಎಂದು ಕೇಳಿದ್ದರೆ ನೆಟ್ಟಗೆ ಉತ್ತರ ಕೊಡಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದರು?

ಈ ಪ್ರಶ್ನೆಗೆ ನಮ್ಮ ಸಮಾಜದಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು, ಎರಡೂ ಕೆಟ್ಟವು. ಮೊದಲನೆಯ ಪಕ್ಷದವರು, "ಶಿಲ್ಪವು ರಕ್ತಗತವಾದ ವಿದ್ಯೆ, ಅದು ಶಾಲೆಯಲ್ಲಿ ಬರತಕ್ಕದ್ದಲ್ಲ" ಎನ್ನುತ್ತಾರೆ. ಉಳಿಯ ಹಿಡಿತವು ರಕ್ತದಲ್ಲಿಯೇ ಇಳಿದು ಬರುವುದಾದರೆ ಶಿಲ್ಪಿಯ ಮಗನು ವರ್ಷಗಟ್ಟಲೆ ತಂದೆಯ ಮಗ್ಗುಲಲ್ಲಿ ಕುಳಿತು ಚಕ್ಕೆ ಎಬ್ಬಿಸುವುದೇಕೆ? ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ಬೇಲೂರಿನಲ್ಲಿ ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆದು ಹೋಗಿದ್ದಾರೆ. ತಂದೆಯೇ ಗುರುವಾಗಿದ್ದ ಅಂಥ ಮನೆಗಳೇ ಅಂದಿನ ಕಲಾಶಾಲೆಗಳು. ಆ ಮನೆಯಲ್ಲಿ ಹುಟ್ಟದವನಿಗೆ ಬಾಗಿಲು ಮುಚ್ಚಿರಲೆಂದು ಹೇಳುವುದು ಅದಾವ ನ್ಯಾಯ?

ಎರಡನೆಯ ಪಕ್ಷದವರು ಇನ್ನೂ ಬುದ್ಧಿವಂತರು. "ಮೊದಲು ಪದವಿಯಾಗಲಿ, ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ" ಎಂಬುದು ಅವರ ಉಪದೇಶ. ಅಹುದು, ಕಲ್ಲು ಓಡಿಹೋಗುವುದಿಲ್ಲ, ವಯಸ್ಸು ಓಡಿಹೋಗುತ್ತದೆ. ಯೋಗಿರಾಜರು ಎಂ.ಬಿ.ಎ. ಮಾಡಿ, ಕೆಲಕಾಲ ನೌಕರಿಯಲ್ಲಿದ್ದು ಆಮೇಲೆ ಪೂರ್ಣವಾಗಿ ಶಿಲ್ಪಕ್ಕೆ ಮರಳಿದವರೆಂಬುದನ್ನು ಇವರು ಉದಾಹರಿಸುವರು. ಆದರೆ ಅವರು ಮರಳಲು ಮನೆಯಲ್ಲಿ ತಂದೆಯ ಕಾರ್ಯಾಗಾರವಿತ್ತು, ಅಜ್ಜ ಬಸವಣ್ಣ ಶಿಲ್ಪಿಗಳ ಪರಂಪರೆಯಿತ್ತು. ಬಾಲ್ಯದಲ್ಲಿಯೇ ಕೈ ಹದಗೊಂಡಿತ್ತು. ಒಕ್ಕಲಿಗನ ಮಗನೋ ಗುಮಾಸ್ತನ ಮಗಳೋ ಮರಳಿ ಹೋಗಬೇಕಾದುದೆಲ್ಲಿಗೆ?

ಪದವಿಯ ಈ ವ್ಯಾಮೋಹಕ್ಕೆ ಹಳೆಯ ಬೇರುಂಟು. ಮದರಾಸಿನಲ್ಲಿ 1850ರಲ್ಲಿಯೂ ಮುಂಬಯಿಯಲ್ಲಿ 1857ರಲ್ಲಿಯೂ ಕಲಾಶಾಲೆಗಳು ಹುಟ್ಟಿದವು. ಗ್ರೀಕ್ ವಿಗ್ರಹಗಳ ಪ್ಲಾಸ್ಟರ್ ಅಚ್ಚುಗಳನ್ನು ಎದುರಿಗಿಟ್ಟು ಚಿತ್ರ ಬರೆಸುವುದೇ ಆ ಕಾಲದ ಕಲಾಶಿಕ್ಷಣದ ಪದ್ಧತಿಯಾಗಿತ್ತು. 1896ರಲ್ಲಿ ಕಲಕತ್ತೆಯ ಕಲಾಶಾಲೆಗೆ ಬಂದ ಹ್ಯಾವೆಲ್ ಸಾಹೇಬರು ಅಂತಹ ಅಚ್ಚುಗಳನ್ನು ಹೊರಹಾಕಿಸಿದಾಗ ಪ್ರತಿಭಟಿಸಿದವರು ನಮ್ಮವರೇ! ಕಾಗದದ ಮೇಲೆ ಬರೆಯುವವನು ಕಲಾವಿದ, ಕಲ್ಲು ಕಡೆಯುವವನು ಕೂಲಿಕಾರ ಎಂಬ ಭೇದವು ಆ ದಿನಗಳಿಂದಲೂ ನಮ್ಮ ತಲೆಯಲ್ಲಿ ಮನೆಮಾಡಿದೆ. ಇಂದಿನ ಅನೇಕ ಲಲಿತಕಲಾ ಕಾಲೇಜುಗಳಲ್ಲಿ ಕಲ್ಲು ಹತ್ತು ಮಾಧ್ಯಮಗಳಲ್ಲಿ ಒಂದು. ಪಾರಂಪರಿಕ ಮೂರ್ತಿಶಿಲ್ಪವಂತೂ ಇತಿಹಾಸದ ತರಗತಿಯ ವಿಷಯ. ಆ ಕಾಲೇಜುಗಳನ್ನು ನಾವು ಹಳಿಯುತ್ತಿಲ್ಲ. ಅವುಗಳ ಗುರಿಯೇ ಬೇರೆ. ಹುಲ್ಲಿನ ಅಂಗಡಿಯಲ್ಲಿ ಹಾಲು ಸಿಗಲಿಲ್ಲವೆಂದು ಜಗಳವಾಡಿ ಫಲವಿಲ್ಲ.

ಹಾಗಾದರೆ ಶಾಲೆಯನ್ನು ಆರಿಸುವುದು ಹೇಗೆ? ನಮ್ಮ ಸ್ಪಷ್ಟ ಅಭಿಪ್ರಾಯವಿದು: ಶಾಲೆಯ ಕಟ್ಟಡವನ್ನೂ ಅದು ಕೊಡುವ ಕಾಗದವನ್ನೂ ಬದಿಗಿಟ್ಟು, ಅದರ ಹಿತ್ತಲನ್ನು ನೋಡತಕ್ಕದ್ದು. ಅಲ್ಲಿ ಚಕ್ಕೆಯ ರಾಶಿ ಇದೆಯೇ? ಕಲಿಸುವ ಗುರುವು ಸ್ವತಃ ಕಡೆಯುತ್ತಿರುವನೇ, ಅಥವಾ ಕಡೆಯುವುದರ ಮೇಲೆ ಉಪನ್ಯಾಸ ಮಾಡುವನೇ? ಒಬ್ಬ ವಿದ್ಯಾರ್ಥಿಯು ಶಾಲೆಯಿಂದ ಹೊರಬರುವಷ್ಟರಲ್ಲಿ ಎಷ್ಟು ಮೂರ್ತಿಗಳನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮುಗಿಸಿರುವನು? ಈ ಮೂರು ಪ್ರಶ್ನೆಗಳಿಗೆ ತಡವರಿಸುವ ಶಾಲೆಯಿಂದ ತಡಮಾಡದೆ ಹಿಂದಿರುಗಬೇಕು.

ಅನಂತರ ತಾಲಮಾನದ ವಿಚಾರ. ನವತಾಲದ ಮೂರ್ತಿಯೆಂದರೆ ಮುಖದ ಉದ್ದದ ಒಂಬತ್ತರಷ್ಟು ಎತ್ತರ. ತಾಲಕ್ಕೆ 12 ಅಂಗುಲದಂತೆ 108 ಅಂಗುಲ. ಗಣಪತಿಗೆ ಪಂಚತಾಲ. ಈ ಅಂಗುಲವು ಆ ಮೂರ್ತಿಯ ದೇಹದಿಂದಲೇ ಹುಟ್ಟುವ ಪಾಲಾದುದರಿಂದ ಅಂಗೈಯಗಲದ ಬಿಂಬಕ್ಕೂ ಆಳೆತ್ತರದ ವಿಗ್ರಹಕ್ಕೂ ಲೆಕ್ಕದ ಕ್ರಮ ಒಂದೇ. ಆದರೆ ಲೆಕ್ಕವನ್ನು ಬಾಯಿಪಾಠ ಮಾಡಿಸಿದರೆ ಸಾಲದು. ತ್ರಿಭಂಗದಲ್ಲಿ ನಿಂತ ದೇಹದ ಭಾರವು ಯಾವ ಕಾಲಿನ ಮೇಲೆ ಬೀಳುತ್ತದೆ, ಆಗ ಯಾವ ಸೊಂಟ ಮೇಲೇಳುತ್ತದೆ ಎಂಬುದನ್ನು ಉಸಿರಾಡುವ ಮನುಷ್ಯನನ್ನು ನಿಲ್ಲಿಸಿ, ನೋಡಿ, ಮಣ್ಣಿನಲ್ಲಿ ಮಾಡಿ ಕಲಿಯಬೇಕು. ಶಾಸ್ತ್ರವನ್ನು ಬಿಟ್ಟ ಶಾಲೆ ಅಡಿಪಾಯವಿಲ್ಲದ್ದು. ಕಣ್ಣನ್ನು ಬಿಟ್ಟ ಶಾಲೆ ಜೀವವಿಲ್ಲದ್ದು.

ಕಲ್ಲಿನ ಜಾತಿಯನ್ನೂ ಕೇಳಬೇಕು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತ ಬರುತ್ತದೆ; ಬೇಲೂರು ಹಳೇಬೀಡುಗಳ ಆಭರಣಗಳ ನವುರು ಅದರಿಂದ ಸಾಧ್ಯವಾಯಿತು. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನ ಕಗ್ಗಲ್ಲು ಅಂತಹ ಮುದ್ದನ್ನು ಸಹಿಸದು. ಏಟಿಗೊಂದು ಚೂರಿನಂತೆ ಅದನ್ನು ಎಬ್ಬಿಸಬೇಕು. ಐದು ಶತಮಾನಗಳ ತರುವಾಯ ಅದೇ ಕಾರ್ಕಳದ ನೆರೆಯಲ್ಲಿ ರೆಂಜಾಳ ಗೋಪಾಲ ಶೆಣೈಯವರು ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದರು. ಇಂತಹ ಕಗ್ಗಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ; ಯಂತ್ರದಿಂದ ಉಜ್ಜಿದಷ್ಟೂ ಧೂಳು ಹೆಚ್ಚು. ನೀರು ಹಾಯಿಸದೆ, ಮುಖಕ್ಕೆ ತಕ್ಕ ಮುಸುಕು ಕೊಡದೆ, ಧೂಳು ಹೊರಹೋಗುವ ಏರ್ಪಾಡಿಲ್ಲದೆ ಮಕ್ಕಳನ್ನು ಕೂರಿಸುವ ಶಾಲೆಯ ಗುರುವು ಎಂತಹ ಪ್ರವೀಣನಾದರೂ ಅಲ್ಲಿಗೆ ಮಗನನ್ನಾಗಲಿ ಮಗಳನ್ನಾಗಲಿ ಕಳುಹಿಸಲಾಗದು. ವಿದ್ಯೆ ಬೇಕು, ಉಸಿರನ್ನು ತೆತ್ತು ಬೇಡ.

"ಈಗ ಗಣಕಯಂತ್ರವೇ ಕಲ್ಲು ಕೊರೆಯುತ್ತದಲ್ಲ!" ಎಂದು ಕೆಲವರು ನಗಬಹುದು. ಕೊರೆಯುತ್ತದೆ. ಆದರೆ ಯಂತ್ರವು ಕೊರೆಯಬೇಕಾದ ಮಾದರಿಯನ್ನು ಮೊದಲು ಕಂಡವರಾರು? ಕೊರೆದಮೇಲೆ ಕಣ್ಣಿಗೆ ನೋಟವನ್ನೂ ತುಟಿಗೆ ನಗೆಯನ್ನೂ ತರುವವರಾರು? ಮಾದರಿ ಮಾಡುವವನು ಇಲ್ಲವಾದ ದಿನ ಯಂತ್ರವು ಹಳೆಯದನ್ನೇ ಮತ್ತೆ ಮತ್ತೆ ಕಕ್ಕುತ್ತಿರುವುದು.

ಇನ್ನು ಇರುವ ದಾರಿಗಳು. ಮಾಮಲ್ಲಪುರದ ಸರ್ಕಾರಿ ಶಿಲ್ಪ ವಿದ್ಯಾಲಯವು 1957ರಲ್ಲಿ ಆರಂಭವಾದುದು. ಅಲ್ಲಿ ಪಾರಂಪರಿಕ ಶಿಲ್ಪದಲ್ಲಿಯೇ ಪದವಿಯುಂಟು. ಉಳಿ ಬೇಕೋ ಪದವಿ ಬೇಕೋ ಎಂಬ ಜಗಳವನ್ನು ನೆರೆಯವರು ಎಂದೋ ಬಗೆಹರಿಸಿದ್ದಾರೆ. ತಿರುಪತಿಯಲ್ಲಿ ದೇವಸ್ಥಾನದ ಆಡಳಿತವೇ ಶಿಲ್ಪಶಾಲೆಯನ್ನು ನಡೆಸುತ್ತಿದೆ. ನಮ್ಮಲ್ಲಿ ಕಾರ್ಕಳದ ಮಿಯಾರಿನಲ್ಲಿಯೂ ಬಿಡದಿಯ ಬಳಿಯ ಜೋಗರದೊಡ್ಡಿಯಲ್ಲಿಯೂ ಕೆನರಾ ಬ್ಯಾಂಕಿನ ಆಶ್ರಯದ ಕುಶಲಕರ್ಮಿ ತರಬೇತಿ ಕೇಂದ್ರಗಳು ಕಲ್ಲು ಮರ ಲೋಹಗಳನ್ನು ಕಲಿಸುತ್ತಿವೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಮನೆಮನೆಯ ಮುಂದೆಯೂ ಉಳಿಯ ಸದ್ದು ಕೇಳುತ್ತದೆ. ಇವುಗಳ ಹೆಸರನ್ನಾದರೂ ನಮ್ಮ ಹೈಸ್ಕೂಲುಗಳ ಮಾಸ್ತರರು ವಿದ್ಯಾರ್ಥಿಗಳಿಗೆ ಹೇಳಬೇಡವೇ? ನೆರೆನಾಡಿಗೆ ಹೋಗಿ ಕಲಿತರೆ ತಪ್ಪಲ್ಲ. ಆದರೆ ಅಲ್ಲಿಯ ಗುರುಗಳು ತಮ್ಮ ನಾಡಿನ ಶೈಲಿಯನ್ನು ಕಲಿಸುವರು, ಅದು ಸಹಜ. ಹೊಯ್ಸಳರ ಮಣಿಹಾರವನ್ನೂ ಚಾಲುಕ್ಯರ ಮೈಕಟ್ಟನ್ನೂ ಕನ್ನಡದ ಮಾತಿನಲ್ಲಿ, ಪದವಿಯ ಮನ್ನಣೆಯೊಡನೆ, ಕಲ್ಲಿನ ಮುಂದೆ ಕೂರಿಸಿ ಕಲಿಸುವ ಹೊಣೆ ನಮ್ಮದಲ್ಲದೆ ಮತ್ತಾರದು?

ಆದುದರಿಂದ ತಂದೆತಾಯಿಗಳಲ್ಲಿಯೂ ಶಿಕ್ಷಕ ಬಂಧುಗಳಲ್ಲಿಯೂ ನಮ್ಮ ವಿಜ್ಞಾಪನೆಯಿದು. ಮಕ್ಕಳನ್ನು ಸೇರಿಸುವ ಮೊದಲು ಒಂದು ದಿನ ಆ ಶಾಲೆಗೆ ಹೋಗಿರಿ. ಮುಂಬಾಗಿಲಿನ ಫಲಕವನ್ನು ಓದುತ್ತ ನಿಲ್ಲಬೇಡಿರಿ. ಒಳಗೆ ಹೋಗಿ, ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಕರೆದು ಅವನ ಅಂಗೈಯನ್ನು ನೋಡಿರಿ. ಅದರಲ್ಲಿ ಉಳಿಯ ಜಡ್ಡು ಇಲ್ಲವಾದರೆ ಶುಲ್ಕದ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಮುಂದಿನ ಊರಿನ ದಾರಿ ಹಿಡಿಯಿರಿ.