ನಾಯಿಯ ಪಾದಕ್ಕೆ ಅಂಟು ಹತ್ತಿದಾಗ



ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳಲ್ಲಿ ಡಾಂಬರು ಹಾಕುವ ಕೆಲಸ ನಡೆಯುವುದುಂಟು. ಅದೇ ದಿನಗಳಲ್ಲಿ ಮಾಗಡಿ ರಸ್ತೆಯ ಬದಿಯಲ್ಲಿ ಹಲಸಿನ ಹಣ್ಣಿನ ಗಾಡಿಗಳು ಬಂದು ನಿಲ್ಲುತ್ತವೆ. ಕಾಮಾಕ್ಷಿಪಾಳ್ಯದಂತಹ ಕೈಗಾರಿಕಾ ಪ್ರದೇಶದ ಬೀದಿಗಳಲ್ಲಿ ಗ್ರೀಸು, ಬಣ್ಣ ಚೆಲ್ಲಿರುವುದೂ ಹೊಸತಲ್ಲ. ನಾವು ಪಾದರಕ್ಷೆ ಧರಿಸಿ ಇವುಗಳನ್ನು ದಾಟಿ ಹೋಗುತ್ತೇವೆ. ಬರಿಗಾಲಿನ ನಾಯಿಯಾದರೋ ಎಲ್ಲವನ್ನೂ ಪಾದದಲ್ಲಿಯೂ ರೋಮದಲ್ಲಿಯೂ ಹೊತ್ತು ಮನೆಗೆ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ನಾಯಿ ಹೀಗೆಯೇ ಹೊಸ ಡಾಂಬರು ತುಳಿದು ಬಂದಿತ್ತು. ಗಡಿಬಿಡಿಯಲ್ಲಿ ನಾವು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಅದರ ಪಾದಗಳನ್ನು ಉಜ್ಜಿದೆವು. ಡಾಂಬರೇನೋ ಹೋಯಿತು. ಸಂಜೆಯ ಹೊತ್ತಿಗೆ ಅಂಗಾಲಿನ ಮೆತ್ತೆ ಕೆಂಪಾಗಿ ಚರ್ಮ ಸುಲಿಯಿತು. ಕಾಲು ನೆಕ್ಕಿಕೊಂಡ ನಾಯಿ ವಾಂತಿ ಮಾಡತೊಡಗಿತು. ಅಡುಗೆಮನೆಯ ಎಣ್ಣೆಯೇ ಸಾಕಾಗಿತ್ತೆಂದು ಪಶುವೈದ್ಯರು ತಿಳಿಸಿದಾಗ ನಾವು ತಲೆ ತಗ್ಗಿಸಬೇಕಾಯಿತು. ನಾಯಿ ಬದುಕಿತು, ಆದರೆ ಬಹಳ ದಿನ ಕುಂಟಿತು. ನಮ್ಮಿಂದಾದ ತಪ್ಪು ಮತ್ತೊಬ್ಬರ ಮನೆಯಲ್ಲಿ ಆಗದಿರಲೆಂದು ಈ ಮಾತುಗಳು.

ಸೀಮೆಎಣ್ಣೆ, ಪೆಟ್ರೋಲು, ಟರ್ಪೆಂಟೈನು, ಥಿನ್ನರು ಇವು ಯಾವುವೂ ನಾಯಿಯ ಮೈಗೆ ಸಲ್ಲವು. ಇವು ಅಂಟಿನೊಡನೆ ಚರ್ಮದ ಸಹಜವಾದ ಜಿಡ್ಡನ್ನೂ ತೆಗೆದು ಸುಡುತ್ತವೆ. ನಾಯಿ ತನ್ನ ಮೈಯನ್ನು ನಾಲಿಗೆಯಿಂದಲೇ ಶುಚಿ ಮಾಡಿಕೊಳ್ಳುವ ಪ್ರಾಣಿಯಾದುದರಿಂದ ಹಚ್ಚಿದ್ದೆಲ್ಲವೂ ಹೊಟ್ಟೆಗೆ ಸೇರುತ್ತದೆ. ಇಂತಹ ದ್ರವ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಅದನ್ನು ನೆಕ್ಕಿದ ನಾಯಿಗೆ ಬಲವಂತವಾಗಿ ವಾಂತಿ ಮಾಡಿಸದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಹಲಸಿನ ಹಣ್ಣು ಬಿಡಿಸುವ ಮೊದಲು ನಮ್ಮ ತಾಯಂದಿರು ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳುತ್ತಾರಷ್ಟೆ. ನಾಯಿಯ ಪಾದಕ್ಕೂ ಅದೇ ಉಪಾಯ. ಡಾಂಬರು, ಹಲಸಿನ ಅಂಟು, ಗ್ರೀಸು ಇವು ನೀರಿಗೆ ಕರಗುವುದಿಲ್ಲ. ಎಣ್ಣೆಯೊಡನೆ ಬೆರೆತು ಮೆತ್ತಗಾಗುತ್ತವೆ.

ಮೊದಲು ನಾಯಿಯನ್ನು ಪರಿಚಿತರೊಬ್ಬರು ಮೃದುವಾಗಿ ಹಿಡಿದು ಕೂರಿಸಲಿ. ಅದು ಅಂಟನ್ನು ಕಚ್ಚದಂತೆ, ನೆಕ್ಕದಂತೆ ನೋಡಿಕೊಳ್ಳಲಿ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಯಾವುದಾದರೂ ಸರಿ. ಕರ್ಪೂರ, ನೀಲಗಿರಿ ಮುಂತಾದವು ಬೆರೆತ ಎಣ್ಣೆ ಬೇಡ. ಎಣ್ಣೆಯನ್ನು ಅಂಟಿನ ಮೇಲೆಯೂ ಬೆರಳುಗಳ ನಡುವೆಯೂ ಹಚ್ಚಿ ಮೆಲ್ಲನೆ ತಿಕ್ಕಿರಿ. ಐದು ಹತ್ತು ನಿಮಿಷ ಬಿಟ್ಟು ಹಳೆಯ ಹತ್ತಿಬಟ್ಟೆಯಿಂದ ಒರೆಸಿರಿ. ಒಮ್ಮೆಗೇ ಹೋಗದಿದ್ದರೆ ಮತ್ತೆ ಎಣ್ಣೆ ಹಚ್ಚಿರಿ. ಎಳೆಯಬಾರದು, ಕೆರೆಯಬಾರದು; ಇಲ್ಲಿ ಆತುರವೇ ಗಾಯಕ್ಕೆ ಕಾರಣ.

ಅಂಟು ಬಿಟ್ಟ ಮೇಲೆ ಉಗುರುಬೆಚ್ಚಗಿನ ನೀರು ಮತ್ತು ನಾಯಿಗೆಂದೇ ಇರುವ ಶಾಂಪುವಿನಿಂದ ತೊಳೆಯಿರಿ. ಎಣ್ಣೆ ಉಳಿದರೆ ಧೂಳು ಮೆತ್ತಿಕೊಳ್ಳುತ್ತದೆ, ಹೆಚ್ಚಾಗಿ ನೆಕ್ಕಿದರೆ ಭೇದಿಯಾಗುತ್ತದೆ. ಕೊನೆಗೆ ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿರಿ; ತೇವ ನಿಂತರೆ ಹುಣ್ಣಾಗುತ್ತದೆ. ರೋಮದಲ್ಲಿ ಗಂಟಾಗಿ ಕುಳಿತ ಅಂಟು ಬಿಡದಿದ್ದರೆ ಕತ್ತರಿಸುವುದೇ ಲೇಸು. ಆಗ ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ, ಮೊಂಡುತುದಿಯ ಕತ್ತರಿಯಿಂದ ಬಾಚಣಿಗೆಯ ಮೇಲ್ಗಡೆ ಮಾತ್ರ ಕತ್ತರಿಸಬೇಕು.

ಡಾಂಬರು ಇನ್ನೂ ಬಿಸಿಯಾಗಿರುವಾಗ ಅಂಟಿದ್ದರೆ ಅದು ಸುಟ್ಟ ಗಾಯ. ಆಗ ಎಣ್ಣೆಯ ಗೊಡವೆಗೆ ಹೋಗದೆ ಇಪ್ಪತ್ತು ನಿಮಿಷದವರೆಗೆ ತಣ್ಣೀರು ಹರಿಸಿ, ಡಾಂಬರನ್ನು ಕೀಳದೆ ಆಸ್ಪತ್ರೆಗೆ ಕರೆದೊಯ್ಯಿರಿ. ನೀರಿನ ಬಣ್ಣ ಹಸಿಯಾಗಿರುವಾಗಲೇ ನೀರು, ಶಾಂಪುವಿನಿಂದ ಹೋಗುತ್ತದೆ. ಒಣಗಿದ ಎಣ್ಣೆಬಣ್ಣದ ರೋಮವನ್ನು ಕತ್ತರಿಸುವುದೇ ದಾರಿ. ಚ್ಯೂಯಿಂಗ್ ಗಮ್ ಅಂಟಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯಿಟ್ಟು ಗಟ್ಟಿ ಮಾಡಿ ಬಿಡಿಸಬಹುದು. ಸಕ್ಕರೆರಹಿತ ಗಮ್ಮಿನಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುವುದುಂಟು. ಅದು ನಾಯಿಗೆ ವಿಷ. ನಾಯಿ ಅದನ್ನು ನುಂಗಿದೆಯೆಂಬ ಅನುಮಾನ ಬಂದರೂ ತಡಮಾಡಬಾರದು.

ಇಲಿ ಹಿಡಿಯಲೆಂದು ಮನೆಗಳಲ್ಲಿ, ಅಂಗಡಿಗಳಲ್ಲಿ ಇಡುವ ಅಂಟುಹಲಗೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮರಿನಾಯಿ ಅದಕ್ಕೆ ಸಿಕ್ಕಿಕೊಂಡರೆ ಮೊದಲು ಹಲಗೆಯಲ್ಲಿ ಉಳಿದ ಅಂಟಿನ ಮೇಲೆ ಕಾಗದ ಹೊದಿಸಿರಿ. ಒದ್ದಾಡಿದಾಗ ಮತ್ತಷ್ಟು ಅಂಟದಿರಲಿ. ಬಳಿಕ ಅಂಚಿನಿಂದ ಎಣ್ಣೆ ಬಿಡುತ್ತಾ ಒಂದೊಂದೇ ಕಾಲನ್ನು ಬಿಡಿಸಿರಿ. ಮೂಗು, ಬಾಯಿ, ಕಣ್ಣಿನ ಬಳಿ ಅಂಟಿದ್ದರೆ ವೈದ್ಯರಿಗೇ ಒಪ್ಪಿಸಿರಿ. ಹಕ್ಕಿ ಸಿಕ್ಕಿಕೊಂಡಿದ್ದರೆ ಎಣ್ಣೆ ಹಚ್ಚಬೇಡಿರಿ. ಎಣ್ಣೆಯಿಂದ ಅದರ ಗರಿ ಕೆಡುತ್ತದೆ. ಅಂಟಿಗೆ ಕಾಗದ ಹೊದಿಸಿ, ಹಲಗೆಯ ಸಮೇತ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಿಳಿದವರಲ್ಲಿಗೆ ಒಯ್ಯಿರಿ. ನಗರದ ವನ್ಯಜೀವಿಗಳ ಶುಶ್ರೂಷೆಗೆಂದೇ ಕೆಂಗೇರಿಯ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆಸ್ಪತ್ರೆ ಇದೆ. ಸಾಯುವವರೆಗೂ ಜೀವಿಯನ್ನು ನರಳಿಸುವ ಈ ಹಲಗೆಗಳನ್ನು ನಿಷೇಧಿಸುವಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ರಾಜ್ಯಗಳಿಗೆ ಸಲಹೆ ನೀಡಿದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆಯಂತೂ 1960ರಿಂದಲೇ ನಮ್ಮಲ್ಲಿದೆ. ಶರಣರ ಮನೆಗಳಲ್ಲಿ ಅಂಟುಹಲಗೆ ಇರದಿರಲಿ.

ಬೀದಿನಾಯಿಗೆ ಉಪಚಾರ ಮಾಡುವವರು ಒಂದು ಎಚ್ಚರ ವಹಿಸಬೇಕು. ನೋವಿನಲ್ಲಿರುವ ನಾಯಿ, ಅನ್ನ ಹಾಕಿದ ಕೈಯನ್ನೂ ಕಚ್ಚಬಹುದು. ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಮಕ್ಕಳನ್ನು ಈ ಕೆಲಸಕ್ಕೆ ಬಿಡಬಾರದು. ಕೈಮೀರಿದ ಸ್ಥಿತಿಯಲ್ಲಿ ಸಮೀಪದ ಪಶುವೈದ್ಯರನ್ನಾಗಲಿ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯನ್ನಾಗಲಿ, ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯನ್ನಾಗಲಿ ಕಾಣಬಹುದು.

12ನೆಯ ಶತಮಾನದ ಶರಣರಾದ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದ ಓದಿಸಿದರೆಂಬ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಕುಲದ ಹಮ್ಮನ್ನು ಮುರಿಯಲು ಶರಣರು ನಾಯಿಯನ್ನು ಮುಂದಿಟ್ಟುಕೊಂಡರು. ಅದನ್ನು ಕೀಳೆಂದು ದೂರ ತಳ್ಳಲಿಲ್ಲ. ನಮ್ಮ ಬಾಗಿಲಲ್ಲಿ ಕುಂಟುತ್ತಾ ಬಂದು ನಿಂತ ನಾಯಿ ವೇದ ಓದಬೇಕಾಗಿಲ್ಲ. ನೋವೆಂದು ಹೇಳಲು ಅದಕ್ಕೆ ಮಾತಿಲ್ಲವೆಂಬುದನ್ನು ನಾವು ಅರಿತರೆ ಸಾಕು. ಒಂದು ಬಟ್ಟಲು ಎಣ್ಣೆ, ಒಂದು ಹಳೆಯ ಬಟ್ಟೆ, ಅರ್ಧ ಗಂಟೆಯ ತಾಳ್ಮೆ: ಇವು ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ದಯೆಯನ್ನು ಬಾಯಲ್ಲಿ ನುಡಿಯುವ ನಾವು ಅದನ್ನು ಕೈಯಲ್ಲಿಯೂ ತೋರೋಣ.