ಅಪಘಾತ ಪರಿಹಾರದಲ್ಲಿ ವಕೀಲರಿಗೂ ಪಾಲು? ಕಾನೂನು ಹೇಳುವುದು ಒಂದು, ನಡೆಯುವುದು ಇನ್ನೊಂದು

ಗಾಯಾಳು ಐಸಿಯುನಲ್ಲಿರುತ್ತಾರೆ. ಮನೆಯವರು ಔಷಧಿ ಚೀಟಿ ಹಿಡಿದು ಓಡಾಡುತ್ತಿರುತ್ತಾರೆ. ಆಗಲೇ ಯಾರೋ ಹತ್ತಿರ ಬಂದು, 'ಕೇಸ್ ನಮಗೆ ಬಿಡಿ. ಈಗ ಒಂದು ರೂಪಾಯಿಯೂ ಬೇಡ, ದುಡ್ಡು ಬಂದ ಮೇಲೆ ಇಷ್ಟು ಪರ್ಸೆಂಟ್ ಕೊಟ್ಟರೆ ಸಾಕು' ಎನ್ನುತ್ತಾರೆ. ಮುಂಬೈ, ಹೈದರಾಬಾದ್, ಬೆಂಗಳೂರು, ಊರು ಯಾವುದಾದರೂ ಮಾತು ಹೆಚ್ಚುಕಡಿಮೆ ಇದೇ.

ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ವಕೀಲರು ಕೇಸ್ ಹುಡುಕಿಕೊಂಡು ಹೋಗುವಂತಿಲ್ಲ, ಏಜೆಂಟರನ್ನು ಕಳಿಸುವಂತಿಲ್ಲ. ಗೆದ್ದ ಹಣದಲ್ಲಿ ಪಾಲು ಕೇಳುವಂತೆಯೂ ಇಲ್ಲ. ಇವೆರಡನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಅಮೆರಿಕದಲ್ಲಿ ಗಾಯಾಳುಗಳ ಪರ ವಕೀಲರ ಇಡೀ ವೃತ್ತಿ ನಿಂತಿರುವುದೇ ಇಂಥ ಪಾಲಿನ ಮೇಲೆ. ನಮ್ಮಲ್ಲಿ ಅದು ದುರ್ನಡತೆ.

ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿತು. ತೆಲಂಗಾಣದ ಮಹಿಳೆಯೊಬ್ಬರು ಅಪಘಾತದಲ್ಲಿ ಪತಿಯನ್ನು ಕಳೆದುಕೊಂಡಿದ್ದರು. ಪರಿಹಾರ ಬಂದ ಮೇಲೆ ವಕೀಲರಿಗೆ 10 ಲಕ್ಷ ರೂಪಾಯಿ ಕೊಟ್ಟಿದ್ದರು. ಅದು ಸಾಲದೆಂದು ಪಡೆದಿದ್ದ ಇನ್ನೂ 3 ಲಕ್ಷದ ಚೆಕ್ ಬೌನ್ಸ್ ಆದಾಗ ವಕೀಲರು ಆಕೆಯ ಮೇಲೆಯೇ ಕೇಸ್ ಹಾಕಿದರು. ಪರಿಹಾರದ ಮೊತ್ತಕ್ಕೆ ಶೇಕಡಾವಾರು ಫೀಸು ಕೇಳುವುದು ಕಾನೂನುಬಾಹಿರ ಎಂದ ನ್ಯಾಯಾಲಯ ಆ ಪ್ರಕರಣವನ್ನೇ ರದ್ದು ಮಾಡಿತು. ವಕೀಲರ ಫೀಸನ್ನು ನಿಯಂತ್ರಿಸಲು ಕಾನೂನು ತರುವ ಬಗ್ಗೆ ಸರ್ಕಾರ ಯೋಚಿಸಬೇಕು ಎಂದೂ ಹೇಳಿತು. ಶೇಕಡಾವಾರು ವ್ಯವಹಾರ ಮಾತ್ರ ಬಾಯಿಮಾತಿನಲ್ಲಿ ಮುಂದುವರಿದಿದೆ.

ವಕೀಲರಿಲ್ಲದೆ ಆಗುವುದಿಲ್ಲವೇ?

ಲೆಕ್ಕ ಹಾಕಿ ನೋಡೋಣ. 32 ವರ್ಷದ ಆಟೊ ಚಾಲಕ ತೀರಿಕೊಂಡರು ಎಂದುಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವರನ್ನು ನೆಚ್ಚಿಕೊಂಡಿದ್ದರು. ತಿಂಗಳ ದುಡಿಮೆ 20,000 ರೂಪಾಯಿ ಎಂದು ಸಾಬೀತಾದರೆ, ಪ್ರಣಯ್ ಸೇಠಿ ತೀರ್ಪಿನಂತೆ (2017) ಭವಿಷ್ಯದ ಗಳಿಕೆಗೆ ಶೇ 40 ಸೇರಿಸಬೇಕು. ಅವರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯಬೇಕು. ಉಳಿದ 21,000ವನ್ನು ವರ್ಷದ ಲೆಕ್ಕಕ್ಕೆ ತಂದು, ಸರಳಾ ವರ್ಮಾ ತೀರ್ಪಿನ (2009) ಪಟ್ಟಿಯಂತೆ ಆ ವಯಸ್ಸಿನ ಗುಣಕ 16ರಿಂದ ಗುಣಿಸಿದರೆ 40,32,000 ರೂಪಾಯಿ. ಆದಾಯದ ದಾಖಲೆ ಇಲ್ಲವೆಂದು ನ್ಯಾಯಮಂಡಳಿ 12,000 ಎಂದು ಅಂದಾಜಿಸಿದರೆ? ಅದೇ ಲೆಕ್ಕ 24,19,200ಕ್ಕೆ ಇಳಿಯುತ್ತದೆ. 16 ಲಕ್ಷಕ್ಕೂ ಹೆಚ್ಚಿನ ವ್ಯತ್ಯಾಸ. ಆಟೊ ಸಾಲದ ಕಂತಿನ ರಸೀದಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲೆಯ ಫೀಸಿನ ಚೀಟಿ ಹುಡುಕಿ ತೆಗೆಯುವ ವಕೀಲರು ಬೆಲೆಬಾಳುವುದು ಇಲ್ಲಿಯೇ.

ಬದುಕುಳಿದವರ ಕೇಸ್ ಇನ್ನೂ ಕಷ್ಟ. ಡಾಕ್ಟರು ಬರೆದುಕೊಟ್ಟ ಅಂಗವೈಕಲ್ಯದ ಶೇಕಡಾವಾರು ಒಂದು, ಅದರಿಂದ ಹೋದ ದುಡಿಮೆ ಇನ್ನೊಂದು. ಎಡಗೈ ಹೋದ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು, ಬಡಗಿ ಅಥವಾ ಚಾಲಕ ಬಹುತೇಕ ಪೂರ್ತಿ ಸಂಪಾದನೆ ಕಳೆದುಕೊಳ್ಳುತ್ತಾರೆ ಎಂದು 2010ರ ರಾಜ್ ಕುಮಾರ್ ತೀರ್ಪು ವಿವರಿಸಿದೆ. ಅದನ್ನು ನ್ಯಾಯಮಂಡಳಿಯ ಮುಂದೆ ತೋರಿಸಲು ಡಾಕ್ಟರನ್ನು ಸಾಕ್ಷಿಗೆ ಕರೆಸಬೇಕು, ವಿಮಾ ಕಂಪನಿಯ ವಕೀಲರ ಪಾಟೀಸವಾಲು ಎದುರಿಸಬೇಕು. ವರ್ಷಗಟ್ಟಲೆ ಫೀಸಿಲ್ಲದೆ ಇದನ್ನು ಮಾಡುವವರು ಕೊನೆಗೆ ಏನಾದರೂ ನಿರೀಕ್ಷಿಸುವುದು ಸಹಜ. ಮುಂಗಡ ಕೊಡುವ ಶಕ್ತಿ ಇಲ್ಲದ ಕುಟುಂಬಕ್ಕೂ ಪರ್ಸೆಂಟ್ ಒಪ್ಪಂದವೇ ಹಗುರ ಎನಿಸುತ್ತದೆ. ಹಾಗಾಗಿ ಬರೀ ನಿಷೇಧ ಕೆಲಸ ಮಾಡಿಲ್ಲ ಎನ್ನುವುದು ನನ್ನ ಅಭಿಪ್ರಾಯ. ತೀರ್ಪಿನ ಜೊತೆಗೇ ನ್ಯಾಯಮಂಡಳಿ ವಕೀಲರ ಫೀಸನ್ನೂ ನಿಗದಿ ಮಾಡಿ, ಅದನ್ನು ವಿಮಾ ಕಂಪನಿಯೇ ಬೇರೆಯಾಗಿ ಕಟ್ಟುವಂತಾದರೆ ಗುಟ್ಟಿನ ವ್ಯವಹಾರ ಕಡಿಮೆಯಾದೀತು.

ಈ ವೃತ್ತಿಗೆ ಕಪ್ಪು ಚುಕ್ಕೆಯೂ ಇದೆ. ಉತ್ತರ ಪ್ರದೇಶದಲ್ಲಿ ನಕಲಿ ಅಪಘಾತ ಕ್ಲೇಮುಗಳ ತನಿಖೆಗೆ 2015ರಲ್ಲಿ ಎಸ್‌ಐಟಿಯನ್ನೇ ರಚಿಸಬೇಕಾಯಿತು. ಅಂಥವರಿಂದಾಗಿ ನಿಜವಾದ ಗಾಯಾಳುವನ್ನೂ ಅನುಮಾನದಿಂದ ನೋಡುವಂತಾಗಿದೆ.

ಆರು ತಿಂಗಳ ಗಡುವು

1994ರ ತಿದ್ದುಪಡಿಯ ನಂತರ ಅರ್ಜಿ ಹಾಕಲು ಕಾಲಮಿತಿ ಇರಲಿಲ್ಲ. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮತ್ತೆ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಆದರೆ ಅದು ಅಂತಿಮ ತೀರ್ಪಲ್ಲ. ಅದನ್ನೇ ನಂಬಿ ಕೂರುವುದು ಬೇಡ.

ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲವಿದೆ. ಅಪಘಾತ ಪುಣೆಯಲ್ಲೇ ಆಗಿದ್ದರೂ ಅರ್ಜಿ ಅಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ಕಲಬುರಗಿಯಲ್ಲಿ ವಾಸವಿದ್ದರೆ ಅಲ್ಲಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ.